ಕವಲಿನ ಟಿಪ್ಪಣಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ಮೀಟರು ಬೋರ್ಡು ಗುಂಯ್‌ಗುಡುವ ಕೋಣೆಯಲ್ಲಿ ಕೂತು
ತಕ್ಕಡಿಯ ತಂತ್ರಾಂಶಕ್ಕೆ ವಂಶಾವಳಿ ಬರೆಯುತ್ತಿದ್ದೇನೆ.

'ಪೂರ್ತಿ ನಮ್ಮದೇ ಅಂತ ಹಾಕು' ಅಂದಿದ್ದರು ವೆಂಕಟರೋಣಪ್ಪ.
ನಾನು ಹಾಕಿದ್ದು:
ಮೂಲ ಬೇರೆಯವರದು. ನಾಲ್ಕನೇ ಆವೃತ್ತಿಯಲ್ಲಿ ಕವಲೊಡೆದೆವು.
ಕನ್ನಡದ ರಸೀತಿ ನಮ್ಮದು,
ಲಾಟು ನಂಬರು ನಮ್ಮದು,
ಕರೆಂಟು ಹೋದರೂ ತೂಕ ಮರೆಯದ ಜಾಣತನ ನಮ್ಮದು.
ಅದೊಂದನ್ನು ಮೂಲಕ್ಕೆ ಕಳಿಸಿದ್ದೆವು.
ಒಂದು ಅಲ್ಪವಿರಾಮ ತಿದ್ದಿ ಒಪ್ಪಿಕೊಂಡರು.

ಉಳಿದ ಹದಿನಾರು ತಿದ್ದುಪಡಿ ಕಳಿಸಲಿಲ್ಲ. ಕಾರಣ?
ಆ ಕಾಲಂ ಖಾಲಿ.

ಎರಡನ್ನೂ ಅಕ್ಕಪಕ್ಕ ಹರಡಿ
ಸಾಲಿಗೆ ಸಾಲು ಹೋಲಿಸುವಾಗ ಸಿಕ್ಕಿತು:
ಐವತ್ತು ಗ್ರಾಮಿನ ಕೆಳಗಿದ್ದದ್ದನ್ನು ಸುಮ್ಮನೆ ಉದುರಿಸುವ ಲೆಕ್ಕ.
ಅಲ್ಲಿ ಯಾರೋ, ಹೆಸರಿನ ಜಾಗದಲ್ಲಿ ಬರೀ ಎರಡಕ್ಷರ,
ಮೂರು ವರ್ಷದ ಹಿಂದೊಂದು ರಾತ್ರಿ ಸರಿಮಾಡಿಟ್ಟಿದ್ದಾರೆ.
ನಮ್ಮ ಕವಲಿಗೆ ಅದು ಇಳಿಯಲೇ ಇಲ್ಲ.

ಹೊರಗೆ ಜಾಲರಿಗೆ ಗೂಡು ಸುರಿಯುವ ಸದ್ದು,
ಒಣಗಿದ ಮಾತಿನ ಹಾಗೆ.
ಚೀಮಂಗಲದ ಮುನಿನಂಜಮ್ಮ ರಸೀತಿಯನ್ನು ಬೆಳಕಿಗೆ ಹಿಡಿದು
'ಸರಿಯಾಗೈತೇನಪ್ಪಾ' ಅನ್ನುತ್ತಾರೆ,
ಯಾರಿಗೆ ಅಂತಿಲ್ಲ.

ಎಳೆ ಕಡಿಯೋದು ತಪ್ಪಲ್ಲ,
ಗಂಟು ಎಲ್ಲಿ ಬಿತ್ತು ಅಂತ ಬೆರಳಿಗೆ ಗೊತ್ತಿರಬೇಕು
ಎನ್ನುತ್ತಿದ್ದ ರೀಲರು ಮುಜಮ್ಮಿಲ್,
ಬಿಸಿನೀರಿಗೆ ಬೆಂದ ಬೆರಳು ತೋರಿಸಿ.

ಬರೆಯುತ್ತೇನೆ:
ತಿಳಿದ ದೋಷ, ಒಂದು.
ತಿಳಿದ ದಿನ, ಇವತ್ತು.
ತಿಳಿಯಬಹುದಾಗಿದ್ದ ದಿನ...
ಈ ಸಾಲು ನಮೂನೆಯಲ್ಲಿಲ್ಲ.
ನಾನೇ ಸೇರಿಸಿದೆ.