ಏಳು ನಲವತ್ತೆರಡರ ಗಾಡಿ

ಹೊರಡಾಕೆ ಇನ್ನೂ ಎಂಟು ನಿಮಿಷ ಐತಿ.
ಡ್ರೈವರ್ ಓಬಳೇಶಿ ಈಗಲೇ ಎಂಜಿನ್ ಹಚ್ಚಿ
ಒಂದು ಮೊಳ ಮುಂದಕ್ಕೆ ಉರುಳಿಸ್ತಾನೆ, ಮತ್ತೆ ಹಿಂದಕ್ಕೆ ತಗೀತಾನೆ.
ಇದು ಹೊರಡೋದಲ್ಲ, ಹೊರಟಂಗೆ ಕಾಣೋದು.
ಅಷ್ಟಕ್ಕೇ ಚಾದಂಗಡಿಯಿಂದ ಮೂರು ಜನ ಓಡಿ ಬರ್ತಾರೆ,
ಒಬ್ಬನ ಕೈಯಾಗ ಅರ್ಧ ಗ್ಲಾಸು ಚಾ ಹಂಗೇ ಐತಿ.

ನಾನು ಕೂಗ್ತೀನಿ:
ಆನಗೋಡಲ್ಲ, ದುರ್ಗ ಅಲ್ಲವೇ ಅಲ್ಲ,
ಅಣಜಿ, ಬಿಳಿಚೋಡು, ಜಗಳೂರ್ ಜಗಳೂರ್ ಜಗಳೂರ್.
ಮೂವತ್ತೊಂದು ವರ್ಷ ಕೂಗಿ ಕೂಗಿ
ಊರಿನ ಹೆಸರಿನ ನಡುವಿನ ಅಕ್ಷರ ಸವೆದು ಹೋಗೈತಿ,
'ಜಳೂರ್' ಅಂತಷ್ಟೇ ಬರ್ತತಿ ಈಗ ಗಂಟಲಿಂದ.
ಹೋಗೋರಿಗೆ ತಿಳೀತತಿ ಬಿಡ್ರಿ.

ಜನ ತಿಳ್ಕಂಡಾರೆ, ನಾವು ಸೀಟು ಮಾರ್ತೀವಿ ಅಂತ.
ಸೀಟು ಯಾವ ಲೆಕ್ಕ. ಮಾರೋದು ನಿಮಿಷ.
ಪರ್ಮಿಟ್ ಹಾಳೆಯಾಗ ನಮಗೆ ಏಳು ನಲವತ್ತೆರಡು,
ಸರ್ಕಾರಿ ಗಾಡಿಗೆ ಏಳು ನಲವತ್ತೈದು.
ನಡುವಿನ ಮೂರು ನಿಮಿಷದ ಮೇಲೆ
ಡ್ರೈವರ್ ಮನೆ, ಕಂಡಕ್ಟರ್ ಮನೆ,
ಕ್ಲೀನರ್ ಹುಡುಗನ ಮೊಬೈಲ್ ಕಂತು,
ಸಾವ್ಕಾರ ಕೊಟ್ರಬಸಣ್ಣನ ಟೈರು, ಟ್ಯಾಕ್ಸು, ಡೀಸೆಲ್ ಉದ್ರಿ,
ಕಡೀಕೆ ನನ್ನ ನೂರೈವತ್ತು ರೂಪಾಯಿ.

ಮುಂಚೆ ಮುಂದಿನ ಆರು ಸಾಲು ಬರೇ ಹೆಣ್ಮಕ್ಕಳು,
ಹೂವಿನ ವಾಸನೆ, ಕೂಸಿನ ಅಳು, ಬ್ಯಾಗಿನೊಳಗೆ ಸೊಪ್ಪು.
ಈಗ ಆಧಾರ್ ಕಾರ್ಡ್ ಹಿಡಕಂಡು ಅತ್ಲಾಗೆ ನಿಲ್ತಾರೆ
ಸೊನ್ನೆ ರೂಪಾಯಿ ಚೀಟಿಗೆ.
ಸೊನ್ನೆ ಜತೆ ಚೌಕಾಸಿ ಮಾಡಾಕೆ ಬರ್ತತೇನು?

ತಪ್ಪಂತ ಹೇಳಲ್ಲ.
ನಮ್ಮ ಮನೆಯಾಕೀನೂ ಅದರಾಗೇ
ಹರಪನಹಳ್ಳಿಗೆ ತಂಗೀನ ನೋಡಾಕೆ ಹೋಗಿ ಬಂದಳು,
ಹನ್ನೆರಡು ವರ್ಷದ ಮೇಲೆ.
ಬಂದು ಎರಡು ದಿನ ಕಿಟಕಿ ಸೀಟಿನ ಮಾತೇ ಮಾತು.
ಬಸ್ಸಿನ ಬಾಯಾಗೇ ಬದುಕಿದ ಮನುಷ್ಯ
ಒಂದು ಸಲ ನನ್ನ ಹತ್ತಿಸಲಿಲ್ಲ ಯಾಕೆ ಅಂತ
ಆಕೆ ಕೇಳಲಿಲ್ಲ.
ಕೇಳಿದ್ರೆ ಏನು ಹೇಳಬೇಕು ಅಂತ
ನಾನು ಇನ್ನೂ ಹುಡುಕ್ತಿದೀನಿ.

ಕಾಟವ್ವ ಮಾತ್ರ ನಮ್ಮ ಗಾಡಿ ಬಿಟ್ಟಿಲ್ಲ.
ಭಟ್ಟಿಯಿಂದ ಬಿಸಿ ಆರದ ಮಂಡಕ್ಕಿ, ನಾಲ್ಕು ಚೀಲ,
ಒಂದೊಂದೂ ಆಳೆತ್ತರ.
ಸರ್ಕಾರಿ ಗಾಡೀಗೆ ಟಾಪ್ ಇಲ್ಲ, ಮನಸೂ ಇಲ್ಲ.
ಕಂಡಕ್ಟರ್ ತಿಪ್ಪೇಶಿ: 'ಚೀಲಕ್ಕೆ ಇಪ್ಪತ್ತು.'
'ಎತ್ತಿ ನೋಡು, ಬರೇ ಗಾಳಿ ಐತಿ. ಗಾಳಿಗೂ ಲಗೇಜ್ ಚಾರ್ಜಾ?'
'ಗಾಳೀನೂ ಜಾಗ ತಿಂತತಿ ಕಣಬೇ.'
ಹದಿನೈದಕ್ಕೆ ಮುಗೀತತಿ.
ಪ್ರತಿ ಮಂಗಳವಾರ, ಪ್ರತಿ ಶನಿವಾರ
ಅದೇ ಜಗಳ, ಅದೇ ಹದಿನೈದು.

ಇವತ್ತು ಶನಿವಾರ. ನಲವತ್ತೊಂದು ಆತು, ಕಾಟವ್ವ ಇಲ್ಲ.
ಹಿಂದೆ ಸರ್ಕಾರಿ ಗಾಡಿ ಬಂದು ಮೂಗು ತಾಗಿಸ್ತು,
ಹೊಸ ಡ್ರೈವರ್, ಹಾರ್ನ್ ಮೇಲಿಂದ ಕೈ ತಗೀವಲ್ಲ.
ನಲವತ್ತೆರಡು.
ಓಬಳೇಶಿ ಕನ್ನಡಿಯಾಗ ನನ್ನ ಮುಖ ನೋಡ್ತಾನೆ,
ನಾನು ಪುಸ್ತಕ ನೋಡ್ತೀನಿ.
ಗೇಟಿನ ತಾವ ತಳ್ಳುಗಾಡಿ ಕಂಡಿತು,
ಒಂದು ಚೀಲದ ಹೊಲಿಗೆ ಬಿಚ್ಚಿ
ನಿಲ್ದಾಣದುದ್ದಕ್ಕೂ ಬೆಳ್ಳಗೆ ಗೆರೆ ಎಳಕಂತ ಬರ್ತಾ ಐತಿ.

ಅತ್ಲಾಗಿನ ಸಾಲಿಂದ ಇಬ್ಬರು ಹೆಣ್ಮಕ್ಕಳು
ತಮ್ಮ ಗಾಡಿಯ ಬಾಗಿಲು ಬಿಟ್ಟು ಬಂದು
ಚೀಲದ ಬಾಯಿ ಹಿಡಿದರು. ಒಬ್ಬಾಕೆ
ತಲೆಯ ಪಿನ್ನು ತೆಗೆದು ಚುಚ್ಚಿದಳು.
ಆ ಹೊಸ ಡ್ರೈವರ್ ಹಾರ್ನ್ ನಿಲ್ಲಿಸಿದ,
ಮರ್ಯಾದೆಗೋ, ಬೇಸರಕ್ಕೋ, ಗೊತ್ತಿಲ್ಲ.
ಕ್ಲೀನರ್ ಹುಡುಗ ಏಣಿ ಮೇಲೆ, ಚೀಲ ಕೈಯಿಂದ ಕೈಗೆ.
ಇವತ್ತು ತಿಪ್ಪೇಶಿ ಇಪ್ಪತ್ತೂ ಅನ್ನಲಿಲ್ಲ, ಹದಿನೈದೂ ಅನ್ನಲಿಲ್ಲ.
ಆಕೀನೇ ನೆನಪು ಮಾಡಿದಳು: 'ಹದಿನೈದು, ಮರೀಬ್ಯಾಡ.'

ಗಾಡಿ ಹೊರಟಾಗ ನಲವತ್ತನಾಲ್ಕು.
ಪುಸ್ತಕದಾಗ ನಲವತ್ತೆರಡು ಅಂತ ಬರೆದೆ,
ಬರೆದು, ಸಹಿಯನ್ನ ಸ್ವಲ್ಪ ಉದ್ದ ಎಳೆದೆ.
ಬಿಳಿಚೋಡಿನಾಗ ಇವತ್ತು ಕಲೆಕ್ಷನ್ ಬಿದ್ದೋಗ್ತತಿ,
ಸಂಜೆ ಕೊಟ್ರಬಸಣ್ಣ ಫೋನ್ ಹಚ್ತಾನೆ, ಬೈತಾನೆ,
ಬೈದು ಮುಗಿದ ಮೇಲೆ ಊಟ ಆತಾ ಅಂತಾನೆ.

ಎಂಟು ಐದರ ಗಾಡಿ ಬಂತು.
ಗಂಟಲು ಸರಿ ಮಾಡ್ಕಂಡು ಎದ್ದರೆ
ಚಪ್ಪಲಿ ಅಡಿಗೆ ಮಂಡಕ್ಕಿ, ಹೆಜ್ಜೆ ಇಟ್ಟಂಗೆಲ್ಲ
ಚರ್, ಚರ್.