ಮಗ್ಗದ ಸೂಟಿ

ಹ್ಯಾಂಡ್‌ಬಿಲ್ ಬರೆಯುವ ಕೆಲಸ ಹನ್ನೊಂದು ವರ್ಷದಿಂದ ನನ್ನದು.
ಅಕ್ಷರ ದುಂಡಗದಾವ ಅಂದರು, ಅಷ್ಟೇ ಅರ್ಹತೆ.
ಶೀಗಿ ಹುಣ್ಣಿಮೆಯ ಮರುದಿನ, ಬೆಟಗೇರಿ, ನಮ್ಮ ಓಣಿ:
ಮುಂಜಾನೆ ಏಳಕ್ಕೆ ರಂಗೋಲಿ, ಚುಕ್ಕಿ ಹದಿನೈದು ಮೀರಬಾರದು,
ಒಂಬತ್ತಕ್ಕೆ ಲಿಂಬಿಹಣ್ಣು ಚಮಚ, ಹತ್ತಕ್ಕೆ ಚೀಲದ ಓಟ,
ಆಮೇಲೆ ಅತ್ತೆ ಸೊಸೆಯರ ಮೂರು ಕಾಲಿನ ಓಟ.
ಹೋದ ವರ್ಷ ಪಟ್ಟಣಶೆಟ್ಟರ ಮನೆಯವರಿಬ್ಬರೂ ಬಿದ್ದು, ಬಿದ್ದಲ್ಲೇ ನಕ್ಕು,
ಆರು ತಿಂಗಳಿಂದ ಬಿಟ್ಟ ಮಾತು ಧೂಳಿನಲ್ಲೇ ಸುರುವಾಗಿತ್ತು.
ಮಧ್ಯಾಹ್ನ ಗಿರಮಿಟ್ಟು, ಮಿರ್ಚಿ. ಎಲ್ಲಾರೂ ಬರ್ರಿ.

ಕೆಳಗೆ, ಜಾಗ ಉಳಿದರೆ, ಸಣ್ಣ ಅಕ್ಷರದಲ್ಲಿ:
ಹಿರಿಯರ ಸ್ಮರಣಾರ್ಥ.

ಅವತ್ತು ಒಂದು ಮಗ್ಗವೂ ಉಸಿರೆತ್ತುವುದಿಲ್ಲ.
ಪವರ್‌ಲೂಮಿನ ಗಣಪತಸಾ ಕೂಡ ಮೇನ್ ಸ್ವಿಚ್ ಇಳಿಸಿ
ಇಸ್ತ್ರಿ ಪೈಜಾಮದಲ್ಲಿ ಬಂದು ಸೀಟಿ ಊದುತ್ತಾನೆ.
ಯಾಕಪಾ ಸೂಟಿ ಅಂದರೆ,
ಮೊದಲಿಂದ ಐತಿ, ಅದಕ್ಕ ಐತಿ.

ಈ ಸಲ ಚಿನ್ಮಯಿ, ಎರಡನೇ ಇಯತ್ತೆ,
ಹಲ್ಲು ಬಿದ್ದ ಬಾಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿ
"ಯಾವ ಹಿರಿಯರು ಕಾಕಾ? ಹೆಸರ ಇಲ್ಲಲ್ಲ?" ಅಂದಳು.

ಹನ್ನೊಂದು ವರ್ಷ. ನಾನು ಕೇಳಿರಲಿಲ್ಲ.

ಹುಲಿಗೆವ್ವಾಯಿಗೆ ಕಿವಿ ಮಂದ, ಬೆರಳು ಚುರುಕು.
ಟ್ರಂಕಿನ ತಳದಿಂದ ತೆಗೆದದ್ದು ಕಾಗದವಲ್ಲ,
ಒಂದು ಲಡಿ ನೂಲು. ಹಳದಿಗಟ್ಟಿದ್ದು, ತುಂಬ ಗಂಟು.
"ಅತ್ತಿ ಕೊಟ್ಟದ್ದು. ಆಕಿಗೆ ಆಕಿ ಅತ್ತಿ.
ಗೋಣು ಮುರುಕ ಬ್ಯಾನಿ ಬಂದಿತ್ತಂತ, ಜರ್ಮನ್ ಲಡಾಯಿ ಮುಗಿಯೂ ವರ್ಷ.
ಮುಂಜಾನೆ ಹೊತ್ತವ ಸಂಜಿಗೆ ಹೊರಿಸಿಕೊಂಡ.
ಅಂಗಡಿ ಮುಚ್ಚಿದ್ವು, ಹೆಣಕ್ಕ ಅರಿವಿ ಇಲ್ಲ.
ಕಡೀ ಮನಿಯಾಕಿ ಒಬ್ಬಾಕಿ ಕುಣಿಮಗ್ಗಕ್ಕ ಇಳದಳು.
ದೇವಾಂಗರಿಗೂ ನೇದಳು, ಪಿಂಜಾರರಿಗೂ ನೇದಳು,
ಹೊಲಗೇರಿಯವರು ದೂರ ನಿಂತು ಕೂಗಿದರ ತಾನ ಹೋಗಿ ಕೊಟ್ಟಳು.
ಓದು ಬರಹ ಇಲ್ಲ. ಮೊಳಕ್ಕೊಂದು ಗಂಟು."

ನನ್ನ ಬೆರಳು ಹಿಡಿದು ನೂಲಿನ ಮೇಲೆ ನಡೆಸಿದಳು.
ಏಳು ಗಂಟು, ಬಯಲು. ಏಳು ಗಂಟು, ಬಯಲು.
ಮೂರು ಗಂಟು.
ಏಳು. ಐದು. ಮೂರು. ಮೂರು.
ಯಾರ ಮನೆ, ಯಾವ ಜಾತಿ, ಎಷ್ಟು ಆಣೆ,
ನೂಲಿಗೆ ಗೊತ್ತಿರಲಿಲ್ಲ.
"ಇಲ್ಲೆ ನೋಡು, ಈ ಮೂರು ಭಾಳ ಬಿಗಿ,
ಉಗುರು ಹೋಗಂಗಿಲ್ಲ. ಇವು ಆಕಿ ಮನಿವು."

ಶೀಗಿ ಹುಣ್ಣಿಮೆಯ ಮರುದಿನ ಯಾರೂ ಸಾಯಲಿಲ್ಲವಂತೆ.
ಅವಳ ಮಗ್ಗ ನಿಂತಿತು.
ಆ ಸದ್ದಿಗೆ ಮಲಗಿ, ಆ ಸದ್ದಿಗೆ ಎದ್ದ ಓಣಿ
ಸದ್ದಿಲ್ಲದ್ದಕ್ಕೆ ಹೆದರಿ ಹೊರಗೆ ಬಂತು.
ಉಳಿದವರೂ ಲಾಳಿ ಕೆಳಗಿಟ್ಟರು.

ಆಟ ಯಾಕೆ ಬಂತು ಆಯಿ, ದುಃಖದ ದಿನಕ್ಕೆ?

ನಕ್ಕಳು. "ದಿನಾ ಓಣಿ ತುಂಬ ಹಾಸು ಬಿಗಿದು ಗಂಜಿ ಹಚ್ಚತಿದ್ರು,
ಹುಡುಗೂರು ಓಡಿದ್ರ ಬೆನ್ನಿಗೆ ಬಡಿಗಿ.
ಮರುವರ್ಷ ಅವತ್ತು ಹಾಸು ಇಲ್ಲ, ಓಣಿ ಖಾಲಿ.
ಉಳದ ಹುಡುಗೂರು ಓಡಿದ್ವು.
ಬ್ಯಾಡ ಅನ್ನಾಕ ಯಾರಿಗೆ ಬಾಯಿ ಬಂದೀತು?"

ಇವತ್ತು ಗುರಿಗೆರೆಯಲ್ಲಿ ನಾನೊಂದು ತುದಿ,
ಮೌಲಾಸಾಬರ ಮೊಮ್ಮಗ ಇನ್ನೊಂದು ತುದಿ.
ನಡುವೆ ಬಿಳಿ ಬಟ್ಟೆ, ಗಂಜಿ ಹಾಕದ್ದು, ಕೈಮಗ್ಗದ್ದೇ ಆಗಬೇಕು.
ರಿಬ್ಬನ್ ತರೋಣ, ಸೋವಿ ಬೀಳತೈತಿ ಎಂದು
ಪ್ರತಿ ವರ್ಷ ಕಮಿಟಿಯಲ್ಲಿ ಜಗಳವಾಡಿದವ ನಾನೇ.
ಮೆಲ್ಲಗೆ ಮೊಣಕೈಯಿಂದ ಅಳೆದೆ. ಮೂರು ಮೊಳ.

ಸೀಟಿ ಊದಿತು. ಚೀಲದೊಳಗಿಂದ ಕುಪ್ಪಳಿಸುತ್ತ,
ಬೀಳುತ್ತ, ಏಳುತ್ತ, ಮೂಗಿಗೆ ಮಣ್ಣು ಮೆತ್ತಿಕೊಂಡು
ನಾಲ್ಕನೆಯವಳಾಗಿ ಬಂದಳು ಚಿನ್ಮಯಿ.
ಮೂರು ಮಂದಿ ದಾಟಿದ ಮೇಲೆ ಬಟ್ಟೆ ಹಿಡಿಯುವ ರೂಢಿಯಿಲ್ಲ.
ನಾವಿಬ್ಬರೂ ಮತ್ತೆ ಎತ್ತಿ ಹಿಡಿದೆವು.
ಎದೆಯಿಂದ ನೂಕಿ, ಬಟ್ಟೆಯನ್ನು ಕೊರಳಿಗೆ ಸುತ್ತಿಕೊಂಡು
ಹಾಗೇ ಓಡಿಹೋದಳು, ಗಿರಮಿಟ್ಟಿನ ಸಾಲಿಗೆ.