ಎರಡು ಲೆಕ್ಕ

ಗಾಡಿ ಎರಡು ತಾಸು ತಡಾ.
ಪ್ಲಾಟ್‌ಫಾರ್ಮಿನ ಮ್ಯಾಲ ನಾನು, ಕೈಯಾಗ ಚಾದ ಥರ್ಮಾಸು,
ಬಗಲಾಗ ಮೂರು ದಿನದ ಯಾದಿ:
ಇಬ್ರಾಹಿಂ ರೋಜಾ, ಬಾರಾ ಕಮಾನ, ಮುಲ್ಕ್ ಮೈದಾನ ತೋಪು,
ನಾಳೆ ಬದಾಮಿ, ಪಟ್ಟದಕಲ್ಲು, ಆದರ ಐಹೊಳಿ,
ಇಳಕಲ್ ಸೀರಿ ಅಂಗಡಿ, ಕಡೀಕ ಗುಂಬಜ.
ಜೀಪು ಅಳಿಯಂದು, ಡೀಸೆಲ್ ನಂದು.

ಇಳಿದ್ಲು ಅಲ್ಮಾಜ್.
ಹನ್ನೊಂದು ವರ್ಷ ಮಸ್ಕತ್ತಿನ ದವಾಖಾನಿಯಾಗ
ಒಂದ ಚಾದರದ ಎರಡು ತುದಿ ಹಿಡದು
ಝಾಡಿಸಿ ಮಡಚಿದವರು ನಾವು.
ಅಕಿ ಇಥಿಯೋಪಿಯಾದಾಕಿ, ನಾ ವಿಜಾಪುರದಾಕಿ,
ನಡುವ ಅರ್ಧ ಅರಬ್ಬಿ, ಉಳದದ್ದು ಕೈಸನ್ನಿ.
"ಸಾವೀ" ಅಂದ್ಲು. ಸಾವಂತ್ರೆವ್ವ ಅನ್ನೂದು
ಅಕಿ ನಾಲಿಗಿಗೆ ಎಂದೂ ಪೂರಾ ಹತ್ತಲಿಲ್ಲ.
ಜಳಕಾ ಮಾಡಂದೆ, ರೊಟ್ಟಿ ತಿನ್ನಂದೆ,
ಹತ್ತು ಗಂಟೆಕ್ಕ ಜೀಪು ಹತ್ತಿಸಿದೆ.

ಖರೇ ಹೇಳ್ತೀನಿ,
ಊರಾಗ ಹುಟ್ಟಿದಾಕಿ ಊರು ನೋಡಿರೂದಿಲ್ಲ.
ತೋಪಿನ ಕೆಳಗಿನ ಓಣಿಗೆ ಜ್ವಾಳಾ ಬೀಸಾಕ ಹೋಗೀನಿ,
ತೋಪಿನ ಬಾಯಾಗ ಇಣುಕಿಲ್ಲ.
ಅಕಿ ಸಣ್ಣ ವಹಿ ತಗದು ಕೇಳಿದ್ಲು:
ಇದನ್ನ ಎಳಕೊಂಡು ಬಂದವು ಎಷ್ಟು ಎತ್ತು?
"ಮುನ್ನೂರಾ ಹನ್ನೆರಡು" ಅಂದೆ.
ಆ ಹನ್ನೆರಡು ಎಲ್ಲಿಂದ ಬಂತೋ!
ಬರಕೊಂಡ್ಲು, ಅಡಿಗೆರಿ ಎಳದು.

ಒಂದು ಸುಳ್ಳಿಗೆ ಬಾಗಲಾ ತಗದರ
ಬೀಗರ ಗತೆ ಸಂಸಾರ ಸಮೇತ ಬರ್ತಾವು.
ರೋಜಾದ ಮೀನಾರಿಗೆ ಒಬ್ಬ ಕುರುಡ ಕಲಕುಟಿಗನ್ನ ಕೊಟ್ಟೆ,
ಬಾರಾ ಕಮಾನಿನ ಅರ್ಧಾ ಗ್ವಾಡಿಗೆ ಮುನಿದ ಬೇಗಮ್ಮನ್ನ,
ತಾಜ್ ಬಾವಡಿಗೆ ಬಾಯಿಗೆ ಬಂದಷ್ಟು ಆಳ.

ಬದಾಮಿ. ಬಿಸಲು ಕೆಂಪು ಕಲ್ಲಿಗೆ ಬಡದು
ತಿರುಗಿ ಮಾರಿಗೆ ಹೊಡೀತಿತ್ತು.
ಎರಡನೇ ಗವಿಯ ಪಾವಟಿಗಿ ಮ್ಯಾಲ
ಮಂಗ್ಯಾ ಒಂದು ಶೇಂಗಾ ಹೋಳಿಗಿ ಆಸೆಕ
ಚೀಲಾನ ಕಸಗೊಂಡು ಬಂಡಿ ಏರಿತು.
ಹೋಳಿಗಿ ತಿಂತು. ವಹಿ ಹರೀತು.
ನನ್ನ ಎತ್ತು, ನನ್ನ ಕುರುಡ, ನನ್ನ ಬೇಗಮ್ಮ
ಒಂದೊಂದ ಹಾಳಿಯಾಗಿ ಹೊಂಡದ ಕಡೆ ಹಾರಿ ಹೋದ್ರು.
ಹಣಮಪ್ಪಗ ಕಾಯಿ ಒಡಸ್ತೀನಿ ಅಂದೆ, ಮನಸಿನಾಗ.

ಆದರ ಅಕಿ ಬಸ್‌ಸ್ಟ್ಯಾಂಡಿನ ಅಂಗಡ್ಯಾಗ
ಸಾಲಿ ಹುಡುಗರ ಹೊಸಾ ವಹಿ ಕೊಂಡು
ಪಟ್ಟದಕಲ್ಲಿನ ದಾರಿ ತುಂಬ ಬಾಯಿಪಾಠ ಒಪ್ಪಿಸಿದ್ಲು:
ಮುನ್ನೂರಾ ಹನ್ನೆರಡು. ಕುರುಡ. ಬೇಗಮ್ಮ. ಆಳ.
ಒಂದೂ ಮರತಿದ್ದಿಲ್ಲ.
ಗುಂಬಜಿನ್ಯಾಗ ಏಳು ಸಲ ತಿರುಗ್ತೈತಂತ ದನಿ,
ನನಗ ಜೀಪಿನ್ಯಾಗನ ತಿರುಗಿತು.
ಅಳಿಯ ಕನ್ನಡಿಯೊಳಗ ನನ್ನ ಮಾರಿ ನೋಡಿ ನಕ್ಕ.

ಐಹೊಳಿ ಬಿಟ್ಟಿವಿ. ಸೀರಿ ಬಿಟ್ಟಿವಿ.
ರಾತ್ರಿ ಒಂದ ಬುಟ್ಟ್ಯಾಗ ಬಿಸಿ ಉಪ್ಪುನೀರಿಗೆ
ನಾಕೂ ಕಾಲು ಇಟ್ಟು ಕುಂತಿವಿ. ಮಾತಿಲ್ಲ.

ಕಡೀ ದಿನ, ಹೊತ್ತು ಹೊಂಡೂದ್ರಾಗ ಗುಂಬಜ.
ಮ್ಯಾಲ, ಆ ದುಂಡನ ಕಟ್ಟಿಯ ಮ್ಯಾಲ
ಅಕಿನ್ನ ಆ ದಂಡ್ಯಾಗ ಕುಂಡರಿಸಿ ನಾ ಈ ದಂಡಿಗೆ ಬಂದೆ.
ನಡುವ ಬರೇ ಗಾಳಿ,
ಇಬ್ಬರೂ ಹಿಡದ ಚಾದರದಂಗ.
ಗ್ವಾಡಿಗೆ ಬಾಯಿ ಹಚ್ಚಿ ಅಂದೆ:
"ಅಲ್ಮಾಜ್, ನಾ ಹೇಳಿದ್ದು ಸುಳ್ಳು. ಎತ್ತು, ಕುರುಡ, ಎಲ್ಲಾ."

ಸ್ವಲ್ಪ ಹೊತ್ತು ಏನೂ ಇಲ್ಲ. ಪಾರಿವಾಳ ರೆಕ್ಕಿ ಬಡದವು.
ಆಮ್ಯಾಲ ಕಿವಿಯ ಬುಡಕ್ಕ,
ಮಗ್ಗಲದ ಮಂಚದಿಂದ ಬಂಧಂಗ:
"ಗೊತ್ತು, ಸಾವೀ."
ಮತ್ತ ತಡದು,
"ನಮ್ಮ ಹಿತ್ತಲದಾಗ ಹದಿನೈದು ಕಾಫಿ ಗಿಡ ಅಂತಿದ್ದೆನಲ್ಲ,
ಹಿತ್ತಲಾನ ಇಲ್ಲ."

ಆ ಹದಿನೈದು ಗಿಡದ ನೆಳ್ಳಾಗ
ಮಸ್ಕತ್ತಿನ ಎಷ್ಟು ಮಧ್ಯಾಹ್ನ ಕಳದಿದ್ದೆ ನಾನು!
ಎರಡಕ್ಕ ನಾನ ಹೆಸರಿಟ್ಟಿದ್ದೆ.

"ಖಲಾಸ್" ಅಂದೆ. "ಖಲಾಸ್" ಅಂತು ಗ್ವಾಡಿ.
ಅಷ್ಟರಾಗ ಸಾಲಿ ಹುಡುಗರು ಏರಿ ಬಂದು
ಒಮ್ಮೆಲೆ ಚೀರಿ, ನಮ್ಮ ಮಾತು ಒರಸಿಬಿಟ್ರು.

ಇಳಿಯೂ ಮುಂದ ಪಾವಟಿಗಿ ಎಣಸೂಣು ಅಂದ್ಲು,
ಒಂದರ ಖರೇ ಇರಲಿ ವಹಿಯೊಳಗ.
ಒಬ್ಬರ ಹಿಡಿಯುವಷ್ಟು ಸಂದಿ, ಕತ್ತಲ ತಿರುವು,
ಅಕಿ ಮುಂದ, ನಾ ಹಿಂದ,
ಅಕಿ ತನ್ನ ಮಾತಿನ್ಯಾಗ, ನಾ ನನ್ನ ಮಾತಿನ್ಯಾಗ.
ಕೆಳಗ ಬಂದು ನೋಡಿದರ ನಾಕು ಪಾವಟಿಗಿ ಫರಕು.
ಮತ್ತ ಏರೂವಷ್ಟು ಮೊಣಕಾಲಾಗ ಕಸುವಿದ್ದಿಲ್ಲ.
ಎರಡೂ ಬರಕೊಂಡ್ಲು.
ಅಡಿಗೆರಿ ಎಳೀಲಿಲ್ಲ.